ಬಣ್ಣದವರು ಗೆದ್ದ ಭಾನುವಾರ

ಸೋಮವಾರ ಹೆಡ್ಡಾಫೀಸಿನಿಂದ ಹೊರಬಿದ್ದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಗೆ ನೋಡಿದರೆ ಅವಳು ಚಿಕ್ಕಂದಿನಿಂದಲೂ ಹಾಗೇ. ಊಟದ ಮಧ್ಯೆ ಎದ್ದು ಓಡಾಡುವವಳು, ಬಸ್ಸು ಬರುವ ಮೊದಲೇ ಮುಂದಿನ ನಿಲ್ದಾಣಕ್ಕೆ ನಡೆದುಬಿಡುವವಳು. ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರು ಅವಳಿಗೆ ಪಾದರಸ ಎಂದು ಹೆಸರಿಟ್ಟಿದ್ದರು. ಮನೆಯವರ ಬಾಯಲ್ಲಿ ಅದು ಸವೆದು ಪಾದು ಆಗಿತ್ತು. ನಲವತ್ತು ದಾಟಿ, ಒಂದು ಫುಟ್ಬಾಲ್ ಕ್ಲಬ್ಬಿನ ಆಡಳಿತವನ್ನೇ ನೋಡಿಕೊಳ್ಳುವ ಕಾರ್ಯದರ್ಶಿಯಾದರೂ ಅಮ್ಮನಿಗೆ, ಅಣ್ಣನಿಗೆ ಅವಳು ಪಾದುವೇ. ಹಿಂದಿನ ಚಡಪಡಿಕೆಗಳಿಗೆಲ್ಲ ಕಾರಣ ಬೇಕಿರಲಿಲ್ಲ. ಈ ಸಲದ್ದಕ್ಕೆ ಕಾರಣವಿತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

"ಕ್ಲಬ್ಬನ್ನ ಮಾರಿದ್ದೀವಿ ಮೇಡಂ" ಎಂದು ಕ್ಲಬ್ಬಿನ ಮಾಲೀಕ ಕಂಪನಿಯ ನಿರ್ದೇಶಕ ಕಾಫಿ ತರಿಸಿಕೊಟ್ಟು ಹೇಳಿದ್ದ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮೆತ್ತಗೆ ಮಾತಾಡುವವನು. "ಬೇರೆ ಊರಿನ ಒಂದು ಕಟ್ಟಡ ಕಂಪನಿಯವರು ತಗೊಂಡಿದ್ದಾರೆ. ಲೀಗಿನಲ್ಲಿರೋ ನಮ್ಮ ಜಾಗ, ಆಟಗಾರರು ಎಲ್ಲ ಅವರಿಗೆ. ಹೆಸರು ಬದಲಾಗುತ್ತೆ, ಊರೂ ಬದಲಾಗುತ್ತೆ. ಭಾನುವಾರದ ಆಟ ಮುಗಿದ ಮೇಲೆ ತಿಳಿಸ್ತೀವಿ. ಅಲ್ಲೀವರೆಗೂ ಇದು ನಿಮ್ಮ ಹೊಟ್ಟೇಲಿರಲಿ."

"ನಮ್ಮಣ್ಣ?" ಎಂದು ಕೇಳಿದ್ದಳು ಅವಳು. ತಂಡದ ಕೋಚ್ ಅವಳ ಅಣ್ಣನೇ.

"ಅವರು ತಮ್ಮ ಕೋಚನ್ನ ಕರ್ಕೊಂಡು ಬರ್ತಾರೆ. ನಿಮ್ಮನ್ನ ಮಾತ್ರ ಬೇಕು ಅಂದಿದ್ದಾರೆ." ಆಮೇಲೆ ಅವನು ಲೋಟ ಪಕ್ಕಕ್ಕಿಟ್ಟು ಇನ್ನೊಂದು ಮಾತು ಸೇರಿಸಿದ. "ಒಂದು ಷರತ್ತಿದೆ. ಅವರಿಗೆ ಬೇಕಿರೋದು ಮೊದಲನೇ ದರ್ಜೆಯ ಜಾಗ. ಭಾನುವಾರ ಗೆಲ್ಲದೆ ನಾವು ಕೆಳಗಿನ ದರ್ಜೆಗೆ ಬಿದ್ರೆ ಒಪ್ಪಂದ ಮುರಿದುಹೋಗುತ್ತೆ."

"ಮುರಿದುಹೋದ್ರೆ?"

"ಆಮೇಲೆ ಯಾರಿಗೆ ಬೇಕು ಹೇಳಿ. ಇಲ್ಲೇ ಇರುತ್ತೆ, ಸಣ್ಣ ಖರ್ಚಿನಲ್ಲಿ." ಅವನು ನಕ್ಕ. "ಅದಕ್ಕೇ ಹೇಳ್ತಿರೋದು, ದಯವಿಟ್ಟು ಗೆಲ್ಲಿ."

ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಅವಳು ಮೆಟ್ಟಿಲಿಳಿದಳು. ಕೆಳಗೆ ಬರುವಷ್ಟರಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಗೆದ್ದರೆ ಕ್ಲಬ್ಬು ಹೋಗುತ್ತದೆ, ಸೋತರೆ ಉಳಿಯುತ್ತದೆ. ಗೆಲ್ಲಿಸಲು ಅಣ್ಣ ಹಗಲಿರುಳೂ ಹೆಣಗುತ್ತಿದ್ದಾನೆ.

ಕ್ಲಬ್ಬು ಹುಟ್ಟಿದ್ದು ಒಂದು ಬಣ್ಣದ ಕಾರ್ಖಾನೆಯ ಹಿಂದೆ. ಖಾಲಿ ಡ್ರಮ್ಮುಗಳನ್ನು ಪೇರಿಸುತ್ತಿದ್ದ ಜಾಗವನ್ನು ಹಳೆಯ ಯಜಮಾನರು ಸಮತಟ್ಟು ಮಾಡಿಸಿ ಗೋಲುಕಂಬ ನೆಡಿಸಿದರು. ಬೆಳಗಿನ ಪಾಳಿ ಮುಗಿಸಿದವರು ಉಗುರಿನ ಸಂದಿಯ ಬಣ್ಣವನ್ನೂ ತೊಳೆಯದೆ ಆಡಲಿಳಿಯುತ್ತಿದ್ದರು. ಊರಿನವರು ಅವರನ್ನು 'ಬಣ್ಣದವರು' ಎಂದು ಕರೆದರು. ಯಜಮಾನರಿಗೆ ಆಟದ ಹುಚ್ಚು. ಚೆನ್ನಾಗಿ ಆಡುವವನು ಕಣ್ಣಿಗೆ ಬಿದ್ದರೆ ಸಾಕು, ಕಾರ್ಖಾನೆಯಲ್ಲಿ ಕೆಲಸ. ಅವನಿಗೆ ಬಣ್ಣ ಕಲಸಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಬಲಬದಿಯ ಮುಂಚೂಣಿ ಆಟಗಾರನೊಬ್ಬ ಒಂದು ಲಾರಿ ಹಸಿರು ಬಣ್ಣವನ್ನು ಬೂದಿ ಬಣ್ಣ ಮಾಡಿ ಕಳಿಸಿಬಿಟ್ಟ. ಮೇಲ್ವಿಚಾರಕ ದೂರು ಒಯ್ದರೆ ಯಜಮಾನರು, "ಮೊನ್ನೆ ಗೋಲು ಹೊಡೆದ್ನಲ್ಲ, ಅದು ಮಾತ್ರ ಸರಿಯಾದ ಬಣ್ಣದ್ದೇ ಇತ್ತು, ಬಿಡಿ" ಎಂದರಂತೆ. ಅಂಥ ಕಾಲದಲ್ಲಿ ಅವಳ ಅಪ್ಪ ಬಣ್ಣದವರ ಗೋಲ್‌ಕೀಪರ್, ಅಮ್ಮ ಡಬ್ಬಿಗಳಿಗೆ ಚೀಟಿ ಅಂಟಿಸುವ ವಿಭಾಗದಲ್ಲಿ. ಮದುವೆಯಾಗಿದ್ದು ಕ್ಯಾಂಟೀನಿನಲ್ಲಿ ಶುರುವಾದ ಜಗಳದಿಂದ ಎಂದು ಅಮ್ಮ ಈಗಲೂ ಹೇಳುತ್ತಾಳೆ, ಜಗಳ ಯಾಕೆಂದು ಮಾತ್ರ ಹೇಳುವುದಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ಕಾರ್ಖಾನೆಯನ್ನು ಒಂದು ದೊಡ್ಡ ಕಂಪನಿಗೆ ಮಾರಿದರು. ಸಿಮೆಂಟು, ಬಿಸ್ಕತ್ತು, ವಿಮೆ ಎಲ್ಲ ಮಾರುವ ಕಂಪನಿ ಅದು. ಎಮ್ಮೆಯ ಜೊತೆ ಹಗ್ಗವೂ ಬಂದ ಹಾಗೆ ಕ್ಲಬ್ಬೂ ಅವರ ಕೈಗೆ ಬಂತು. ಅಷ್ಟರಲ್ಲಿ ಆಟವೇ ವೃತ್ತಿಯಾಗಿತ್ತು. ಆಟಗಾರರು ಕಾರ್ಖಾನೆಯ ಗೇಟು ತುಳಿಯುವುದು ನಿಂತಿತು. ಹೊಸಬರು ಮೊದಮೊದಲು ಕೈ ಬಿಚ್ಚಿಯೇ ಖರ್ಚು ಮಾಡಿದರು: ಹೊಸ ಮೈದಾನ, ಚಾವಣಿಯ ಗ್ಯಾಲರಿ, ಒಂದು ವರ್ಷ ಗೆದ್ದು ತಂದ ದೊಡ್ಡ ಕಪ್ಪು ಕೂಡ. ಆಮೇಲೆ ಅಧ್ಯಕ್ಷರು ಬದಲಾದಂತೆಲ್ಲ ಕ್ಲಬ್ಬಿಗೆ ಒಂದೊಂದು ಗ್ರಹಚಾರ. ಒಬ್ಬರು ಹಳದಿ ಜೆರ್ಸಿಯನ್ನು ನೇರಳೆ ಮಾಡಿಸಿದರು. ಇನ್ನೊಬ್ಬರು ಕ್ಲಬ್ಬಿನ ಹೆಸರಿಗೆ ಬಿಸ್ಕತ್ತಿನ ಹೆಸರು ಅಂಟಿಸಿದರು. ಎದುರು ತಂಡದವರು ಚಹಾ ಲೋಟ ಹಿಡಿದುಕೊಂಡು ಬಂದು, "ಅದ್ದಿ, ಅದ್ದಿ" ಎಂದು ಕೂಗುವಂತಾಯಿತು. ಊರಿನ ಬಾಯಲ್ಲಿ ಮಾತ್ರ ಅವರು ಬಣ್ಣದವರಾಗಿಯೇ ಉಳಿದರು.

ಈ ಎಲ್ಲದರ ನಡುವೆ ಅಣ್ಣ ಕೂದಲು ಉದುರುವ ತನಕ ಬಣ್ಣದವರ ರಕ್ಷಣೆಗೆ ನಿಂತು ಆಡಿದ. ಜನ ಅವನನ್ನು ಗೋಡೆ ಎನ್ನುತ್ತಿದ್ದರು. ಅವಳು ಓದಿ, ಕಂಪನಿಯ ಆಫೀಸಿಗೆ ಸೇರಿ, ಕ್ಲಬ್ಬಿಗೊಬ್ಬ ಕಾರ್ಯದರ್ಶಿ ಬೇಕೆಂದಾಗ ತಾನೇ ಕೇಳಿಕೊಂಡು ಬಂದಳು. ನಮ್ಮವಳೊಬ್ಬಳು ಒಳಗಿದ್ದರೆ ಒಳ್ಳೆಯದು ಎಂದು ಊರೂ ಅಂದುಕೊಂಡಿತು, ಅವಳೂ ಅಂದುಕೊಂಡಳು. ಈಗ ಒಳಗಿದ್ದದ್ದಕ್ಕೇ ಈ ಬೆಂಕಿ ಅವಳ ಮಡಿಲಿಗೆ ಬಿದ್ದಿತ್ತು.

ಆ ವಾರವೆಲ್ಲ ಅವಳು ನಡೆದಳು. ಗ್ಯಾಲರಿಯ ಮೆಟ್ಟಿಲು ಹತ್ತಿದಳು, ಇಳಿದಳು. ಸರಿಯಾಗಿಯೇ ಇದ್ದ ನಲ್ಲಿಗಳನ್ನು ತಿರುಗಿಸಿ ನೋಡಿದಳು. ಟಿಕೆಟ್ ಕೊಡುವವನಿಗೆ ಹೇಳಿದ್ದನ್ನೇ ಹೇಳಿ, "ಮೇಡಂ, ಬೆಳಗ್ಗೇನೇ ಹೇಳಿದ್ರಿ" ಎನ್ನಿಸಿಕೊಂಡಳು. ಮನೆಯಲ್ಲಿ ಗಂಡ ಪೇಪರಿನಿಂದ ತಲೆಯೆತ್ತಿ, "ನೀನು ಈ ಹಜಾರದಲ್ಲಿ ನಡೆದಿರೋ ನಡಿಗೆ ರಸ್ತೇಲಿ ನಡೆದಿದ್ರೆ ಇಷ್ಟು ಹೊತ್ತಿಗೆ ಪಕ್ಕದ ಊರು ಸಿಗ್ತಿತ್ತು" ಎಂದ. ಅವಳು ನಗಲಿಲ್ಲ. ಅವನು ಪೇಪರು ಮಡಚಿಟ್ಟು, "ಏನೋ ಇದೆ. ಹೇಳಬೇಕು ಅನ್ನಿಸಿದಾಗ ಹೇಳು" ಎಂದ.

ಹೇಳುವುದಾದರೆ ಅಣ್ಣನಿಗೆ ಹೇಳಬೇಕು. ಆದರೆ ಹೇಳಿ, ಅವನು ತಂಡವನ್ನು ಸೋಲಿಸಿಬಿಟ್ಟರೆ? ಜೀವಮಾನದಲ್ಲಿ ಒಂದು ಆಟವನ್ನೂ ಬಿಟ್ಟುಕೊಡದವನ ಕೈಯಲ್ಲಿ ಅಂಥದ್ದನ್ನು ಮಾಡಿಸಿದ ಪಾಪ ತನಗೆ. ಹೇಳದೆ ಹೋದರೆ ಅವನು ತನ್ನ ಮನೆಯ ಬಾಗಿಲಿಗೆ ತಾನೇ ಮೊಳೆ ಹೊಡೆದು, ಹೊಡೆದದ್ದಕ್ಕೆ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾನೆ. ಅತ್ತ ದರಿ ಇತ್ತ ಪುಲಿ. ಅಭ್ಯಾಸ ನೋಡಲು ಹೋದರೆ ಅಣ್ಣ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಅವಳ ಹತ್ತಿರ ಬರುತ್ತಿದ್ದ. "ಪಾದು, ಇದೊಂದು ಗೆದ್ದುಬಿಟ್ರೆ ಸಾಕು. ಬರೋ ವರ್ಷ ಊರಿನ ಹುಡುಗರನ್ನೇ ತಯಾರು ಮಾಡ್ತೀನಿ, ನೋಡ್ತಿರು." ಅವಳು "ಹೂಂ" ಎಂದು, ಏನೋ ಕೆಲಸ ನೆನಪಾದವಳ ಹಾಗೆ ಹೊರಟುಬಿಡುತ್ತಿದ್ದಳು.

ಶನಿವಾರ ಮಧ್ಯಾಹ್ನ ಅಮ್ಮನ ಮನೆಗೆ ಹೋದಾಗ ಅಣ್ಣ ಊಟದ ಮೇಜಿನ ಮೇಲೆ ಚಮಚಗಳನ್ನು ಜೋಡಿಸಿಕೊಂಡು ಕೂತಿದ್ದ. ಉಪ್ಪಿನ ಡಬ್ಬಿ ಗೋಲ್‌ಕೀಪರ್, ಚಮಚಗಳು ರಕ್ಷಣೆಯವರು, ಒಂದು ನಿಂಬೆಹಣ್ಣು ಕ್ಯಾಪ್ಟನ್. ಅಮ್ಮ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಪಾದು ಕುರ್ಚಿ ಎಳೆದಳು, ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿಬಿಟ್ಟಳು.

ಅಣ್ಣ ಒಂದು ಚಮಚವನ್ನು ಸ್ವಲ್ಪ ಎಡಕ್ಕೆ ಸರಿಸಿದ. "ಅಂದ್ರೆ ಗೆದ್ರೆ ಹೋಗುತ್ತೆ."

"ಹೂಂ."

"ಸೋತ್ರೆ ಉಳಿಯುತ್ತೆ."

"ಕೆಳಗಿನ ದರ್ಜೆಯಲ್ಲಿ. ಇಲ್ಲೇ."

ಅವನು ತಲೆಯೆತ್ತಿದಾಗ ಮುಖದಲ್ಲಿ ಅವಳೆಂದೂ ನೋಡದ ಸಿಟ್ಟಿತ್ತು. "ಯಾಕೆ ಹೇಳ್ದೆ ನಂಗೆ?"

"ಹೇಳ್ದೆ ಇರೋಕೆ ಆಗ್ಲಿಲ್ಲ ಅಣ್ಣ."

"ಆಗ್ಲಿಲ್ಲ ಅಂತ ತಂದು ನನ್ನ ತಲೆ ಮೇಲೆ ಹಾಕಿದ್ಯಾ. ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ದವಳಿಗೆ ಇನ್ನೊಂದು ದಿನ ಭಾರವಾಯ್ತಾ? ನಾಳೆ ಆ ಹುಡುಗರ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಏನದು?" ಒಳಗಿನಿಂದ ಅಮ್ಮ ಕೇಳಿದಳು.

"ಏನಿಲ್ಲಮ್ಮ, ಆಟದ ವಿಷಯ."

"ಆಟದ ವಿಷಯ ಈ ಮನೇಲಿ ಯಾರೂ ಇಷ್ಟು ಮೆಲ್ಲಗೆ ಮಾತಾಡಿದ್ದಿಲ್ಲ" ಎಂದಳು ಅಮ್ಮ.

ಅಣ್ಣ ಚಮಚಗಳನ್ನೆಲ್ಲ ಬಾಚಿ ಡಬ್ಬಿಗೆ ಹಾಕಿ, ಊಟವನ್ನೂ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಏನು ಮಾಡುತ್ತಾನೆಂದು ಹೇಳಲಿಲ್ಲ. ಅವಳಿಗೆ ಕೇಳುವ ಧೈರ್ಯವೂ ಬರಲಿಲ್ಲ.

ಭಾನುವಾರ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ನೇರಳೆ ಜೆರ್ಸಿಯವರಿಗಿಂತ ಹಳೆಯ ಹಳದಿ ಅಂಗಿ ಹುಡುಕಿ ತೊಟ್ಟು ಬಂದವರೇ ಹೆಚ್ಚು. ಡ್ರಾ ಆದರೂ ಉಪಯೋಗವಿಲ್ಲ, ಗೆಲ್ಲಲೇಬೇಕು. ಅತಿಥಿಗಳ ಸಾಲಿನಲ್ಲಿ ನಿರ್ದೇಶಕ ಅವಳಿಗೊಂದು ಕುರ್ಚಿ ಕಾದಿರಿಸಿದ್ದ. ಅವನ ಆಚೆ ಬದಿಗೆ ಕಟ್ಟಡ ಕಂಪನಿಯ ಇಬ್ಬರು, ಮನೆ ನೋಡಲು ಬಂದವರ ಹಾಗೆ ಗ್ಯಾಲರಿಯನ್ನು ದಿಟ್ಟಿಸುತ್ತಿದ್ದರು. ಅವಳು ರೆಫರಿ ಸೀಟಿ ಊದುವ ಮೊದಲೇ ಎದ್ದುಹೋದಳು.

ಗ್ಯಾಲರಿಯ ಕೆಳಗಿನ ಉದ್ದನೆಯ ಓಣಿಯಲ್ಲಿ ಅವಳು ಆ ತುದಿಯಿಂದ ಈ ತುದಿಗೆ ನಡೆದಳು. ಮೇಲೆ ಸಾವಿರಾರು ಕಾಲುಗಳು ಸಿಮೆಂಟನ್ನು ತುಳಿಯುವ ಸದ್ದು. ಒಮ್ಮೆ ಆ ಸದ್ದು ಕತ್ತರಿಸಿದಂತೆ ನಿಂತುಹೋಯಿತು. ಎದುರಿನವರು ಗೋಲು ಹೊಡೆದಿದ್ದರು. ಅವಳ ಎದೆಯಲ್ಲಿ ಏನೋ ಸಡಿಲವಾಯಿತು, ಮರುಕ್ಷಣವೇ ಹಾಗಾದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಅಣ್ಣ ಸೋಲಿಸುತ್ತಿದ್ದಾನೆಯೇ? ಮೇಲೆ ಓಡಿ ಬಂದು ನೋಡಿದಳು. ಅಣ್ಣ ಗೆರೆಯ ಬಳಿ ನಿಂತು, ಹರಿದ ಗಂಟಲಿನಲ್ಲಿ ಹುಡುಗರನ್ನು ಮುಂದಕ್ಕೆ ಅಟ್ಟುತ್ತಿದ್ದ. ಆಟಗಾರರೂ ಜೀವ ಒತ್ತೆಯಿಟ್ಟವರಂತೆ ಓಡುತ್ತಿದ್ದರು. ಇದು ಸೋಲಿಸುವವನ ಆಟವಲ್ಲ.

ಮಧ್ಯಂತರಕ್ಕೆ ಮುಂಚೆ ಕ್ಯಾಪ್ಟನ್ ಎಲ್ಲರಿಗಿಂತ ಎತ್ತರ ಹಾರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ. ಅವಳಿಗೇ ತಿಳಿಯದಂತೆ ಅವಳೂ ಕೂಗಿದ್ದಳು. ಯಾವ ದೇವರನ್ನು ಏನೆಂದು ಕೇಳಿಕೊಳ್ಳಬೇಕೋ ತೋಚದೆ, ಪಕ್ಕದಲ್ಲಿದ್ದ ಹಳದಿ ಅಂಗಿಯ ಮುದುಕನ ತೋಳು ಹಿಡಿದುಕೊಂಡಿದ್ದಳು. "ಹೆದರ್ಕೋಬೇಡಮ್ಮ, ಗೆದ್ದೇ ಗೆಲ್ತೀವಿ" ಎಂದ ಅವನು. ಅವಳ ಭಯ ಯಾವುದೆಂದು ಅವನಿಗೇನು ಗೊತ್ತು.

ಉತ್ತರಾರ್ಧ ಮುಗಿಯುತ್ತಾ ಬಂದರೂ ಸಮಸಮ. ಅಣ್ಣ ಎಡಗಾಲಲ್ಲಿ ಹೊಡೆಯುವ ಒಬ್ಬ ಹೊಸ ಆಟಗಾರನನ್ನು ಬೆಂಚಿನಿಂದ ಎಬ್ಬಿಸಿ, ಗೆರೆಯ ಬಳಿ ನಿಲ್ಲಿಸಿ, ಭುಜ ಹಿಡಿದುಕೊಂಡ. ಚೆಂಡು ಹೊರಗೆ ಹೋಗಿ ಆಟಗಾರನನ್ನು ಬದಲಿಸುವ ಅವಕಾಶ ಬಂತು, ಕಳಿಸಲಿಲ್ಲ. ಮತ್ತೆ ಹೋಯಿತು, ಆಗಲೂ ಕಳಿಸಲಿಲ್ಲ. ಜನ ಬೈಯತೊಡಗಿದರು. ಕಡೆಗೊಮ್ಮೆ ಕೈ ಸಡಿಲಿಸಿದ. ಒಳಗೆ ಹೋದವನ ಕಾಲಿಗೆ ಸಿಕ್ಕ ಮೂರನೆಯದೋ ನಾಲ್ಕನೆಯದೋ ಚೆಂಡು ಕಂಬಕ್ಕೆ ತಾಗಿ, ಒಳಕ್ಕೆ ಉರುಳಿತು.

ಇಡೀ ಗ್ಯಾಲರಿ ಎದ್ದು ಕುಣಿಯಿತು. ಮುದುಕ ಅವಳನ್ನು ತಬ್ಬಿಕೊಂಡು ಅತ್ತ. ಆಟ ಮುಗಿದಾಗ ಹುಡುಗರು ಅಣ್ಣನನ್ನು ಹೆಗಲ ಮೇಲೆ ಹೊತ್ತುಕೊಂಡರು. ಅವನು ಕೈ ಎತ್ತಲಿಲ್ಲ. ಸಂತೆಗೆ ಹೊತ್ತೊಯ್ಯುವ ಮೂಟೆಯ ಹಾಗೆ ಸುಮ್ಮನೆ ಕೂತಿದ್ದ.

ಕಂಪನಿಯ ಏರ್ಪಾಟಿನ ಪ್ರಕಾರ ಸಂಜೆ ಎಲ್ಲರ ಫೋನಿಗೂ ಒಂದು ಸಂದೇಶ ಹೋಗಬೇಕಿತ್ತು. ಅವಳು ಅಲ್ಲಿಯವರೆಗೆ ಕಾಯದೆ ಡ್ರೆಸ್ಸಿಂಗ್ ರೂಮಿನ ಬಾಗಿಲು ತಟ್ಟಿದಳು. ಒಳಗೆ ನೀರೆರಚಾಟ, ಹಾಡು. ಅವಳ ಮುಖ ನೋಡಿ ಒಬ್ಬೊಬ್ಬರೇ ನಲ್ಲಿ ನಿಲ್ಲಿಸಿ ಇತ್ತ ತಿರುಗಿದರು. ಕ್ಲಬ್ಬು ಮಾರಾಟವಾಗಿದೆ, ಬೇರೆ ಊರಿಗೆ ಹೋಗುತ್ತದೆ, ಗೆಲ್ಲದಿದ್ದರೆ ಹೋಗುತ್ತಿರಲಿಲ್ಲ ಎಂಬುದನ್ನೆಲ್ಲ ಅವಳು ಏನನ್ನೂ ಮುಚ್ಚಿಡದೆ ಹೇಳಿದಳು.

ಕ್ಯಾಪ್ಟನ್ ಬೂಟಿನ ದಾರ ಬಿಚ್ಚುತ್ತಿದ್ದವನು ಕೋಚ್ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ ಸಾರ್?"

"ನಿನ್ನೆ ಗೊತ್ತಾಯ್ತು" ಎಂದ ಅಣ್ಣ.

"ಗೊತ್ತಿದ್ದೂ ನಮ್ಮನ್ನ ಹೀಗೆ ಓಡಿಸಿದ್ರಾ?"

"ಓಡಬೇಡಿ ಅಂತ ಹೇಗೆ ಹೇಳೋದು? ನೀನೇ ಹೇಳು, ಯಾವ ಮಾತಲ್ಲಿ ಹೇಳಲಿ? ನಂಗೆ ಬರಲಿಲ್ಲ ಕಣಯ್ಯ."

ಕ್ಯಾಪ್ಟನ್ ಮತ್ತೆ ಬೂಟಿನ ದಾರಕ್ಕೆ ಕೈ ಹಾಕಿದ. ಗೋಲು ಹೊಡೆದ ಎಡಗಾಲಿನವನು ಮೂಲೆಯಲ್ಲಿ ಟವೆಲಿನೊಳಗೆ ಮುಖ ಹುದುಗಿಸಿಕೊಂಡಿದ್ದ.

ಅವಳ ಕೆಲಸ ಮರುದಿನವೇ ಹೋಯಿತು. ನಿರ್ದೇಶಕ ತಾನೇ ಫೋನು ಮಾಡಿ, "ನೀವು ಹೀಗೆ ಮಾಡಬಾರದಿತ್ತು ಮೇಡಂ" ಎಂದು ನಿಜವಾದ ಬೇಸರದಿಂದಲೇ ಹೇಳಿದ. ಊರಿನವರು ಗೇಟಿನ ಮುಂದೆ ಕೂತರು, ಮೆರವಣಿಗೆ ಹೋದರು. ಯಾರೋ ಹೆಡ್ಡಾಫೀಸಿನ ಮೆಟ್ಟಿಲಿನ ಮೇಲೆ ಹಳದಿ ಬಣ್ಣ ಸುರಿದರು. ಎಷ್ಟು ತಿಕ್ಕಿದರೂ ಹೋಗಲಿಲ್ಲವಂತೆ. "ನಮ್ಮ ಕಾರ್ಖಾನೇದು, ಹೋಗುತ್ತಾ?" ಎಂದು ಜನ ಅಷ್ಟಕ್ಕೇ ಹೆಮ್ಮೆಪಟ್ಟುಕೊಂಡರು. ಕೊನೆಗೊಂದು ಬೆಳಗ್ಗೆ ಲಾರಿ ಬಂದು ಗೆದ್ದ ಕಪ್ಪು, ಬಲೆ, ಬೆಂಚು ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ಕ್ಯಾಪ್ಟನ್ ಹೋಗುವ ಮುನ್ನ ಅಣ್ಣನ ಬಳಿ ಬಂದು ತಲೆ ತಗ್ಗಿಸಿ ನಿಂತಾಗ ಅಣ್ಣ, "ಹೋಗು. ಕಾಲಲ್ಲಿ ಓಟ ಇರೋವರೆಗೂ ಆಡು. ಹೆಂಡತಿ ಮಕ್ಕಳಿದ್ದಾರೆ" ಎಂದು ಬೆನ್ನು ತಟ್ಟಿ ಕಳಿಸಿದ.

ಡ್ರೆಸ್ಸಿಂಗ್ ರೂಮಿನ ಮಾತು ಮಾತ್ರ ಹೊರಗೆ ಬಂದೇ ಬಂತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಗೊತ್ತಿದ್ದೂ ಗೆದ್ದ ಎಂದು ಅರ್ಧ ಊರು ಅಣ್ಣನನ್ನು ಬೈದರೆ, ಗೊತ್ತಿದ್ದೂ ಸೋಲಲಿಲ್ಲ ಎಂದು ಇನ್ನರ್ಧ ಹೊಗಳಿತು. ಎರಡೂ ಅವನಿಗೆ ಒಂದೇ ರೀತಿ ಚುಚ್ಚುತ್ತಿತ್ತು. ಕ್ಷೌರದಂಗಡಿಯಲ್ಲಿ ಅವನು ಇರುವಾಗಲೇ ಒಬ್ಬ, "ಗೋಡೆ ಅಂದ್ಕೊಂಡಿದ್ವಿ, ಬಾಗಿಲಾಗಿಬಿಟ್ಟ" ಎಂದನಂತೆ. ಅಂದಿನಿಂದ ಅಣ್ಣ ಮನೆಯಿಂದ ಹೊರಬರುವುದನ್ನೇ ಬಿಟ್ಟ. ತಂಗಿಯ ಜೊತೆಗೂ ಮಾತು ಬಿಟ್ಟ. ಅವಳು ಹೋದರೆ ಎದ್ದು ಒಳಗೆ ಹೋಗುತ್ತಿದ್ದ. ಅಮ್ಮ ನಡುವೆ ನಿಂತು, "ಇಬ್ಬರನ್ನೂ ಹೆತ್ತ ತಪ್ಪಿಗೆ ನಾನೊಬ್ಬಳು ಅಂಚೆಯವಳಾದೆ" ಎಂದು ಗೊಣಗುತ್ತಿದ್ದಳು.

ಕೆಲಸವಿಲ್ಲದ ಪಾದರಸವನ್ನು ಯಾವ ಗಾಜಿನಲ್ಲಿ ತುಂಬಿಡುವುದು? ಅವಳು ಬೀದಿ ಬೀದಿ ಸುತ್ತಿದಳು. ಆ ಸುತ್ತಾಟದಲ್ಲೇ ಹಳದಿ ಅಂಗಿಯ ಆ ಮುದುಕ ಸಿಕ್ಕಿದ. ಅವನು ನಿವೃತ್ತ ಬಸ್ ಚಾಲಕ. "ನಮ್ಮ ಡಿಪೋ ಪಕ್ಕ ಒಂದು ಮೈದಾನ ಇದೆ. ಹನ್ನೊಂದು ಜನರನ್ನ ಹೇಗಾದ್ರೂ ಹೊಂದಿಸ್ಬಹುದು. ನಡೆಸೋಕೆ ಬರೋರು ಯಾರೂ ಇಲ್ಲ" ಎಂದ. ಶಾಲೆಯೊಂದರ ಹಾಲಿನಲ್ಲಿ ಸಭೆ ಸೇರಿತು. ಎಲ್ಲಕ್ಕಿಂತ ಕೆಳಗಿನ ಲೀಗಿನಲ್ಲಿ ಹೊಸ ತಂಡ, ಮಾಲೀಕರು ಯಾರೂ ಇಲ್ಲ, ಸದಸ್ಯರೇ ಮಾಲೀಕರು. ಹೆಸರು 'ಬಣ್ಣದವರು' ಎಂದೇ. ಅವಳು ಕಾರ್ಯದರ್ಶಿ. ಕೋಚ್ ಯಾರೆಂಬ ಮಾತು ಬಂದಾಗ ಹಾಲಿನಲ್ಲಿ ಗದ್ದಲವೆದ್ದಿತು. "ಗೋಡೆ ಬೇಡ" ಎಂದರು ಕೆಲವರು. "ಗೋಡೆ ಬಿಟ್ರೆ ಯಾರು?" ಎಂದರು ಕೆಲವರು.

ಅಣ್ಣನನ್ನು ಕರೆತಂದದ್ದು ಅಮ್ಮ. ಚಮಚದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಆಡಿಸೋದಿದ್ರೆ ಹೋಗಿ ಮನುಷ್ಯರನ್ನ ಆಡಿಸು" ಎಂದಳಂತೆ. ಒಂದು ಸಂಜೆ ಅಭ್ಯಾಸದ ಹೊತ್ತಿಗೆ ಅವನು ಬೇಲಿಯ ಆಚೆ ಬಂದು ನಿಂತ. ಅವಳು ಹತ್ತಿರ ಹೋದಳು. ಡಿಪೋದಿಂದ ಬಸ್ಸೊಂದು ಹಾರನ್ ಹೊಡೆಯುತ್ತಾ ಹೊರಟಿತು. ಅದು ದೂರವಾಗುವ ತನಕ ಕಾದು ಅಣ್ಣ ಮಾತಾಡಿದ.

"ಅವತ್ತು ಆ ಎಡಗಾಲಿನ ಹುಡುಗನನ್ನ ಗೆರೆ ಹತ್ರ ಹಿಡ್ಕೊಂಡು ನಿಂತಿದ್ದೆ, ನೋಡಿದ್ಯಾ?"

"ನೋಡಿದ್ದೆ."

"ಕಳಿಸದೆ ಇದ್ರೆ ಡ್ರಾ ಆಗ್ತಿತ್ತು. ಯಾರೂ ನನ್ನ ಕೇಳ್ತಿರ್ಲಿಲ್ಲ. ಸೋಲು ಅಂತ ಹೇಳೋದೂ ಬೇಕಿರ್ಲಿಲ್ಲ, ಸುಮ್ನೆ ನಿಂತಿದ್ರೆ ಆಯ್ತು. ಕೈ ಬಿಡೋಕೇ ಆಗ್ತಿರ್ಲಿಲ್ಲ ಪಾದು."

"ಮತ್ತೆ ಯಾಕೆ ಬಿಟ್ಟೆ?"

"'ಸಾರ್, ಭುಜ ನೋಯ್ತಿದೆ' ಅಂದ." ಅಣ್ಣ ಬೇಲಿಯ ತಂತಿ ನೋಡುತ್ತಾ ಹೇಳಿದ. "ಅಷ್ಟೇ. ಅಷ್ಟಕ್ಕೇ ಬಿಟ್ಟೆ. ಜನ ಏನೇನೋ ಹೇಳ್ತಾರೆ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ತಡೆದುಕೊಂಡು ಬೇಲಿಯ ಗೇಟಿನ ಚಿಲಕ ತೆಗೆದಳು. ಅವನು ಒಳಗೆ ಬಂದು ಯಾರಿಗೂ ಏನೂ ಹೇಳದೆ, ತಪ್ಪು ಜಾಗದಲ್ಲಿ ನಿಂತಿದ್ದ ರಕ್ಷಣೆಯವನೊಬ್ಬನ ಸೊಂಟ ಹಿಡಿದು ಸರಿಯಾದ ಜಾಗಕ್ಕೆ ಸರಿಸಿದ.

ಮೊದಲ ಆಟ ಸೋತರು, ಎರಡನೆಯದನ್ನು ಇನ್ನೂ ಕೆಟ್ಟದಾಗಿ ಸೋತರು. ಗೋಲ್‌ಕೀಪರ್ ಅಂಚೆ ಕಚೇರಿಯ ಗುಮಾಸ್ತ, ಪಾರ್ಸೆಲ್ ಹಿಡಿದಷ್ಟು ಚೆನ್ನಾಗಿ ಚೆಂಡು ಹಿಡಿಯುತ್ತಿರಲಿಲ್ಲ. ಅತ್ತ ಮಾರಿಹೋದ ಕ್ಲಬ್ಬು ಹೊಸ ಹೆಸರಿನಲ್ಲಿ, ಹೊಸ ಊರಿನಲ್ಲಿ ಗೆಲ್ಲುತ್ತಿತ್ತು. ಟೀವಿಯಲ್ಲಿ ಕ್ಯಾಪ್ಟನ್ ಕಂಡರೆ ಅಮ್ಮ, "ಸೊರಗಿದ್ದಾನೆ" ಎನ್ನುತ್ತಿದ್ದಳು. ಅಣ್ಣ ಅವನ ಆಟವನ್ನು ಒಂದೂ ತಪ್ಪಿಸುತ್ತಿರಲಿಲ್ಲ.

ಚಳಿ ಶುರುವಾದ ಮೇಲಿನ ಒಂದು ಆಟದಲ್ಲಿ ಬಣ್ಣದವರು ಮೊದಲ ಬಾರಿಗೆ ಮುಂದಿದ್ದರು. ಮುಗಿಯಲು ಸ್ವಲ್ಪ ಹೊತ್ತಿರುವಾಗ, ಅವರ ರಕ್ಷಣೆಯವನೊಬ್ಬ ಎದುರಾಳಿಯ ಕಾಲಿಗೆ ಒದ್ದನೆಂದು ರೆಫರಿ ಅವರ ವಿರುದ್ಧ ಪೆನಾಲ್ಟಿ ಕೊಟ್ಟ. ಆಡಿದಷ್ಟು ವರ್ಷವೂ ಒಂದು ಹಳದಿ ಕಾರ್ಡನ್ನೂ ನೋಡಿರದ ಅಣ್ಣ ಗೆರೆ ದಾಟಿ ಒಳಗೆ ನುಗ್ಗಿದ. "ಕಣ್ಣು ಹಣೆ ಮೇಲಿದೆಯೋ, ಮನೇಲಿ ಬಿಟ್ಟು ಬಂದಿದ್ದೀರೋ?" ಎಂದು ಅವನು ಕೇಳಿದ್ದು ಡಿಪೋದವರೆಗೂ ಕೇಳಿಸಿತು. ರೆಫರಿ ಕೆಂಪು ಕಾರ್ಡು ತೋರಿಸಿ ಬೇಲಿಯಾಚೆಗೆ ಬೆರಳು ಮಾಡಿದ.

ಅಣ್ಣ ಕೆಂಪು ಮುಖ ಹೊತ್ತು ಹೊರಗೆ ಬಂದು, ಬೇಲಿಯ ಗುಂಟ ಓಡಾಡುತ್ತಿದ್ದ ತಂಗಿಯ ಪಕ್ಕ ನಿಂತ.

"ಏನಣ್ಣ ಇದು, ಈ ವಯಸ್ಸಲ್ಲಿ?"

"ಅವನು ಮುಟ್ಟೇ ಇಲ್ಲ ಕಣೇ. ನೀನೇ ನೋಡಿದ್ಯಲ್ಲ, ಚೆಂಡಿಗೇ ತಾನೇ ಕಾಲು ಹಾಕಿದ್ದು?"

"ಮುಟ್ಟಿದ. ನಾನು ಇಲ್ಲಿಂದಲೇ ನೋಡ್ದೆ."

"ನಿಂಗೇನು ಗೊತ್ತಾಗುತ್ತೆ, ಒಂದು ಕಡೆ ನಿಂತಿದ್ರೆ ತಾನೇ."

ಪೆನಾಲ್ಟಿ ಹೊಡೆಯುವವನು ಚೆಂಡಿಟ್ಟು ಹಿಂದಕ್ಕೆ ಹೆಜ್ಜೆ ಹಾಕಿದ. ಅಣ್ಣನಿಗೆ ನೋಡಲಾಗಲಿಲ್ಲ. ಬೆನ್ನು ತಿರುಗಿಸಿ ಡಿಪೋದ ಕಡೆಗೆ ನಡೆಯತೊಡಗಿದ. ಅವಳೂ ಅವನ ಜೊತೆಗೆ ಹೆಜ್ಜೆ ಹಾಕಿದಳು. ಮುಟ್ಟಿದನೋ ಇಲ್ಲವೋ ಎಂದು ಇಬ್ಬರೂ ಇನ್ನೂ ವಾದಿಸುತ್ತಲೇ ಇದ್ದರು.